ಕಡಲೊಳಗಿನ ಲಂಕೆ

ಭೂಮಿಯನ್ನು ಎರಡು ಗೋಲಾರ್ಧಗಳಾಗಿ ವಿಭಾಗಿಸುವ ಭೂಮಧ್ಯರೇಖೆಯು ಗಣಿತದ ಕಲ್ಪನೆಯೇ ಹೊರತು ನೆಲದ ಮೇಲೆ ಕಾಣುವ ವಸ್ತುವಲ್ಲ. ಆದರೂ ಪ್ರವಾಸಿಗರು ಈಕ್ವೆಡಾರ್ ದೇಶದ ಕ್ವಿಟೊ ನಗರದ ಬಳಿಯ ಸ್ಮಾರಕಕ್ಕೆ ಹೋಗಿ, ಅಲ್ಲಿ ಎಳೆದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಧನ್ಯರಾಗುತ್ತಾರೆ. ಉಪಗ್ರಹಾಧಾರಿತ ಅಳತೆಯ ಪ್ರಕಾರ ನಿಜವಾದ ರೇಖೆಯಿರುವುದು ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕೆ. ಹಾಗಾದರೆ ಅವರು ಮುಟ್ಟಿದ್ದೇನನ್ನು?

ಈ ಪ್ರಶ್ನೆ ಗಂಗಾವತಿ ಸೀಮೆಯ ಶ್ರೀರಾಮನಗರಕ್ಕೆ ಹೊರಗಿನದಲ್ಲ. ಭೂಮಧ್ಯರೇಖೆಯಿಂದ ಸುಮಾರು 1,700 ಕಿ.ಮೀ. ಉತ್ತರಕ್ಕಿರುವ ಈ ಊರಿನ ಸೀಮೆಯಲ್ಲೇ ಕಿಷ್ಕಿಂಧೆಯೆಂದು ಜನ ನಂಬುವ ಆನೆಗೊಂದಿಯಿದೆ. ರಾಮಾಯಣದ ವಾನರಸೇನೆ ಲಂಕೆಗೆ ಹೊರಟದ್ದು ಆ ಕಿಷ್ಕಿಂಧೆಯಿಂದ. ಜ್ಯೋತಿಷ ಸಿದ್ಧಾಂತಿಗಳ ಲಂಕೆ ಮಾತ್ರ ಬೇರೆ: ‘ಸೂರ್ಯಸಿದ್ಧಾಂತ’ದಂಥ ಗ್ರಂಥಗಳಲ್ಲಿ ಅದು ಉಜ್ಜಯಿನಿಯ ಮೂಲಕ ಹಾಯುವ ಮಧ್ಯರೇಖೆಯು ‘ನಿರಕ್ಷ’ವನ್ನು, ಅಂದರೆ ಅಕ್ಷಾಂಶ ಸೊನ್ನೆಯಾಗಿ ಹಗಲಿರುಳು ಸಮವೆನಿಸುವ ವೃತ್ತವನ್ನು, ಸಂಧಿಸುವ ಬಿಂದು. ಇಂದಿನ ನಕ್ಷೆಯಲ್ಲಿ ಆ ಬಿಂದು ಬರಿಯ ಕಡಲು. ಶ್ರೀಲಂಕೆಯ ದಕ್ಷಿಣ ತುದಿಯೂ ಅದಕ್ಕಿಂತ ಸುಮಾರು 6 ಅಂಶ ಉತ್ತರದಲ್ಲೇ ನಿಲ್ಲುತ್ತದೆ. ನೆಲವೇ ಇಲ್ಲದ ಆ ಊರಿನ ಸೂರ್ಯೋದಯವನ್ನೋ ನಡುರಾತ್ರಿಯನ್ನೋ ಆಧಾರವಾಗಿಟ್ಟುಕೊಂಡೇ ಸಿದ್ಧಾಂತಿಗಳು ಗ್ರಹಗತಿಯನ್ನು ಗಣಿಸಿದರು, ಪಂಚಾಂಗಗಳು ಹುಟ್ಟಿದವು, ಹಬ್ಬಗಳ ತಿಥಿ ಗೊತ್ತಾಯಿತು.

ಪರಮಾರ್ಥದಲ್ಲಿ ನಿಲ್ಲದಿದ್ದರೂ ಬದುಕಿನ ನಡೆಗೆ ಆಧಾರವಾಗುವುದನ್ನು ಅದ್ವೈತಿಗಳು ‘ವ್ಯಾವಹಾರಿಕ ಸತ್ಯ’ವೆಂದು ಕರೆಯುತ್ತಾರೆ, ಭೂಮಧ್ಯರೇಖೆಗೆ ಈ ಹೆಸರು ನಿಸ್ಸಂದೇಹವಾಗಿ ಒಪ್ಪುತ್ತದೆ. ಕಿಷ್ಕಿಂಧೆಯಂಥ ಪುಣ್ಯಕ್ಷೇತ್ರಗಳಿಗೂ ಅದು ಅಷ್ಟೇ ಸಲೀಸಾಗಿ ಒಪ್ಪುತ್ತದೆಂದು ಹೇಳುವುದು ಕಷ್ಟ. ಏಕೆಂದರೆ ರೇಖೆಯನ್ನು ಅಳತೆಯಿಂದ ತಿದ್ದಬಹುದು, ಹನುಮಂತನ ಜನ್ಮಸ್ಥಳವೆಂಬ ನಂಬಿಕೆಯಿಂದ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವ ಭಕ್ತರಾದರೋ ಅಳೆಯಲು ಬಂದವರೇ ಅಲ್ಲ.