‘ಲಿಸ್ಟಲ್ಲಿದೆ’

ಆ್ಯಪ್ ಮಾಡುವ ನಮ್ಮಂಥವರ ದಿನ ಶುರುವಾಗೋದೇ ಬ್ಯಾಕ್‌ಲಾಗ್‌ನಿಂದ. ಮಾಡಬೇಕಾದ ಕೆಲಸವೆಲ್ಲ ಒಂದೇ ಪಟ್ಟಿಯಲ್ಲಿ, ಮೇಲಿನಿಂದ ಕೆಳಕ್ಕೆ. ಪೇಮೆಂಟ್ ನಿಂತುಹೋದರೆ ಅದು ಮೇಲೆ. ಕನ್ನಡ ಅಕ್ಷರ ಒಡೆದು ಕಾಣ್ತದೆ ಅನ್ನೋದು ಕೆಳಗೆ. ಎಲ್ಲವನ್ನೂ ಒಟ್ಟಿಗೆ ಮಾಡೋಕೆ ಆಗಲ್ಲ, ಹಾಗಾಗಿ ಪಾಳಿ ಹಚ್ಚೋದರಲ್ಲಿ ಅನ್ಯಾಯವೇನಿಲ್ಲ. ನನ್ನ ತಕರಾರು ಇರೋದು ಪಟ್ಟಿಯ ತಳದ ಬಗ್ಗೆ. ಅಲ್ಲಿ ಬಿದ್ದಿರುವ ಕೆಲಸವನ್ನು ಯಾರೂ ಮಾಡಲ್ಲ ಅಂತ ಟೀಮಿಗೆಲ್ಲ ಗೊತ್ತು. ಆದರೂ ಕೇಳಿದವರಿಗೆ ಹೇಳೋದು, ‘ಲಿಸ್ಟಲ್ಲಿದೆ’.

ಇದು ಸುಳ್ಳೋ, ಸೌಜನ್ಯವೋ?

ಜಮಖಂಡಿ ಕಡೆಯವನಾದ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ಚಿಕ್ಕಪಡಸಲಗಿ ನೆನಪಾಗ್ತದೆ. ಕೃಷ್ಣೆ ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿಗೆ ತತ್ವಾರ. ಸರ್ಕಾರ ಬ್ಯಾರೇಜ್ ಕಟ್ಟೀತು ಅಂತ ಕಾಯೋದನ್ನು ಬಿಟ್ಟು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕಟ್ಟಿಕೊಂಡರು. ಅದರ ಹೆಸರೇ ಶ್ರಮಬಿಂದು ಸಾಗರ. ರೈತರು ಕಟ್ಟಿಕೊಂಡರು ಅಂದಮಾತ್ರಕ್ಕೆ ಪಟ್ಟಿ ಬರೆದವರ ಹೊಣೆ ಕಳೆಯೋದಿಲ್ಲ. ಆದರೆ, ‘ನಮ್ಮ ಪಾಳಿ ಬರಂಗಿಲ್ಲ’ ಅಂತ ಗೊತ್ತಾದವರು ಮಾತ್ರ ಹೀಗೆ ಸಲಿಕೆ ಹಿಡಿಯಬಲ್ಲರು ಅಂತ ನನ್ನ ಅನಿಸಿಕೆ.

ಬೀಳಗಿ ಕಡೆ ಇದರ ಉಲ್ಟಾ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಆಮೇಲೆ ಮುಳುಗಡೆ ಪಟ್ಟಿಯಲ್ಲಿರುವ ಊರುಗಳು ವರ್ಷಗಟ್ಟಲೆ ಕಾದಿವೆ. ಅಂಥ ಊರಲ್ಲಿ ಸೋರುವ ಮನೆಗೆ ಹೊಸ ಚಾವಣಿ ಹಾಕಿಸಬೇಕೋ, ಬೇಡವೋ? ಕಾಯಿಸುವವರಿಗೆ ಅದು ಫೈಲು, ಕಾಯುವವರಿಗೆ ಆಯುಷ್ಯ.

ಆ್ಯಪಿನ ಅಕ್ಷರಕ್ಕೂ ಮುಳುಗುವ ಊರಿಗೂ ಎಲ್ಲಿಯ ಹೋಲಿಕೆ ಅಂತ ನೀವು ಕೇಳಬಹುದು. ನಷ್ಟದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಹೋಲಿಕೆ ಇರೋದು ಮಾತಿನಲ್ಲಿ. ಪಟ್ಟಿಯಲ್ಲಿ ಜಾಗ ಕೊಡೋದು ಅಂದರೆ ಮಾತು ಕೊಟ್ಟಂತೆಯೇ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಒಬ್ಬರು ‘ಅಕ್ಷರ ಕಾಣವಲ್ದರೀ’ ಅಂತ ಬರೆದರು ಅನ್ನಿ. ಮಾಡೋ ಮನಸ್ಸಿಲ್ಲದಿದ್ದರೆ ‘ಈ ವರ್ಷ ಆಗಲ್ಲ’ ಅಂದುಬಿಡಬೇಕು. ಅವರು ಬೈತಾರೆ, ಬೈದು ಬೇರೆ ಆ್ಯಪ್ ಹುಡುಕ್ಕೋತಾರೆ. ಆ ಹಕ್ಕು ಅವರದು. ‘ಲಿಸ್ಟಲ್ಲಿದೆ’ ಅಂದಾಗ ನಾವು ಕಸಿದುಕೊಳ್ಳೋದು ಅದನ್ನೇ.

ಹಾಗಾಗಿ ಮುಂದಿನ ಸಲ ಪಟ್ಟಿ ತೆರೆದಾಗ ಒಮ್ಮೆ ತಳದಿಂದ ಮೇಲಕ್ಕೆ ಓದಿ. ಮಾಡೋದನ್ನು ಇಟ್ಟುಕೊಳ್ಳಿ. ಮಾಡದ್ದನ್ನು ಅಳಿಸಿ, ಕೇಳಿದವರಿಗೆ ತಿಳಿಸಿ.