ತಡವಾಗಿ ಬಂದವನಿಗೆ ಎಲೆ ಹಾಕುವವರಾರು?

ಪಂಕ್ತಿ ಅರ್ಧ ನಡೆದಿರುವಾಗ ಬಂದ ಅತಿಥಿಯ ಸಂಕೋಚವನ್ನು ನಾವೆಲ್ಲರೂ ಒಮ್ಮೆಯಾದರೂ ಅನುಭವಿಸಿದ್ದೇವೆ. ಎಲೆಗಳೆಲ್ಲ ತುಂಬಿವೆ, ಮಾತು ಬೆಳೆದಿದೆ. ಎಲ್ಲಿ ಕೂಡಬೇಕೆಂದು ತಿಳಿಯದೆ ಆತ ಬಾಗಿಲಲ್ಲೇ ನಿಲ್ಲುತ್ತಾನೆ. ಓದಿನ ನಡುವೆ ಒಂದು ಕಾಲೇಜು ಬಿಟ್ಟು ಮತ್ತೊಂದು ವಿಶ್ವವಿದ್ಯಾಲಯ ಸೇರುವ ವಿದ್ಯಾರ್ಥಿಯ ಪಾಡೂ ಇದೇ. ಸಹಪಾಠಿಗಳ ಗೆಳೆತನ ಮೊದಲ ವರ್ಷದಲ್ಲೇ ಕುದುರಿಬಿಟ್ಟಿರುತ್ತದೆ.

ಇಂಥ ಒಬ್ಬ ಹುಡುಗ ಬೀದರಿನ ಕಡೆಯಿಂದ ಹೈದರಾಬಾದಿಗೆ ಬಂದವನು, ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವಕ್ಕೆ ಬಂದಿದ್ದ. ನಾವು ಸಂತೋಷದಿಂದಲೇ ಎದುರುಗೊಂಡೆವು. ಯಾವ ಊರು ಎಂದು ಕೇಳಿದೆವು. ಆತನ ಮುಖ ಅರಳಿತು. ಆಮೇಲೆ ಯಾರ ಪೈಕಿ ಎಂದು ಕೇಳಿದೆವು, ಮುಖ ಬಾಡಿತು. ಊಟಕ್ಕೆ ನಿಲ್ಲದೆ ಹೊರಟುಹೋದ. ಮುಂದೊಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಸಂಘದ ಕಡೆ ಯಾಕೆ ಬರುತ್ತಿಲ್ಲವೆಂದು ವಿಚಾರಿಸಿದೆವು. “ಕಾಕಾ, ಹಾಸ್ಟೆಲಿನ್ಯಾಗ ಉಂಡಿಯೇನು ಅಂತ ಕೇಳ್ತಾರ್ರಿ; ಯಾರ ಪೈಕಿ ಅಂತ ಕೇಳಂಗಿಲ್ರಿ” ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ನಮಗೆ ಹೆಚ್ಚು ನಾಟಿತು.

ಎರಡು ಪ್ರಶ್ನೆಗಳೂ ನೋಡಲು ಒಂದೇ ತೆರನಾಗಿವೆ. ಆದರೆ ಮೊದಲನೆಯದು ಹತ್ತಿರ ಕರೆಯುವ ಪ್ರಶ್ನೆ, ಎರಡನೆಯದು ಎಲ್ಲಿ ಕೂರಿಸಬೇಕೆಂದು ಅಳೆಯುವ ಪ್ರಶ್ನೆ. ಪರಿಚಯಕ್ಕಾಗಿ ಕೇಳಿದೆವೆಂದು ನಾವು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಯಾವ ಉತ್ತರ ಬಂದರೂ ನಮ್ಮ ನಡತೆ ಬದಲಾಗದೆಂದಿದ್ದರೆ, ಕೇಳುವ ಅಗತ್ಯವಾದರೂ ಏನಿತ್ತು?

ಈ ನಗರ ಆ ಹುಡುಗನಿಗೆ ನಿಜಕ್ಕೂ ಪರಸ್ಥಳವೇ? 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಅಲ್ಲಿಯ ಕನ್ನಡ ಮಕ್ಕಳು ಬಂದು ಉರ್ದುವಿನಲ್ಲಿ ಪಾಠ ಕೇಳಿದರು. ಅಜ್ಜನಿಗೆ ತನ್ನ ರಾಜಧಾನಿಯಾಗಿದ್ದ ಊರು ಮೊಮ್ಮಗನಿಗೆ ಹೊರರಾಜ್ಯ. ಗಡಿಗಳು ಬದಲಾಗುತ್ತವೆ, ಆತಿಥ್ಯವೂ ಅವುಗಳೊಡನೆ ಬದಲಾಗಬೇಕೆಂಬ ನಿಯಮವಿಲ್ಲ.

ಇದಕ್ಕೆ ಉಸ್ಮಾನಿಯಾದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಅಲ್ಲಿಯ ವಿದ್ಯಾರ್ಥಿಗಳು ಹೊರದೂಡಲ್ಪಟ್ಟಾಗ, ನಾಗಪುರ ವಿಶ್ವವಿದ್ಯಾಲಯ ಅನೇಕರನ್ನು ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಆ ಚಳವಳಿಯಲ್ಲಿ ಪಾಲ್ಗೊಂಡು ಬಳಿಕ ನಾಗಪುರದಲ್ಲಿ ಓದಿದವರೇ. ತೆಲುಗು, ಮರಾಠಿ, ಕನ್ನಡದ ನೆಲದಿಂದ ಹೋದ ಆ ತರುಣರಿಗೆ ಓದು ಮುಂದುವರಿಸಲು ಜಾಗ ಕೊಟ್ಟದ್ದು ಭಾಷಾಬಾಂಧವ್ಯವಲ್ಲ. ಕಷ್ಟದಲ್ಲಿದ್ದವನಿಗೆ ಬಾಗಿಲು ತೆರೆಯಬೇಕೆಂಬ ವಿವೇಕ.

ಹಾಗಾದರೆ ಹಾಸ್ಟೆಲಿನ ಗೆಳೆಯರೇ ಸಾಕಲ್ಲ, ಕನ್ನಡ ಸಂಘವೇಕೆ ಎಂದು ಕೆಲವರು ಕೇಳಿಯಾರು. ಅದಕ್ಕೂ ಕೆಲಸವಿದೆ. ಮನುಷ್ಯನಿಗೆ ಅನ್ನದಷ್ಟೇ, ಅರ್ಥ ಬಿಡಿಸಿ ಹೇಳಬೇಕಾಗಿಲ್ಲದ ಮಾತೂ ಬೇಕು. ತಾಯಿಗೆ ಜ್ವರವೆಂಬ ಸುದ್ದಿ ಬಂದ ರಾತ್ರಿ ಎದೆಯ ಭಾರವನ್ನು ಇಳಿಸಲು ಮನೆಯ ನುಡಿಯೇ ಸಲೀಸು. ಆದರೆ ಆ ನುಡಿಯನ್ನು ನಾವು ಬೆಲೆ ಕಟ್ಟದೆ ಕೊಡಬೇಕು. ಹುಡುಗನ ಪಾಲಿಗೂ ಒಂದು ಕರ್ತವ್ಯವಿದೆ: ನಮ್ಮ ನಡುವೆ ಬಚ್ಚಿಟ್ಟುಕೊಳ್ಳದೆ, ಈ ಊರಿನ ತೆಲುಗನ್ನೂ ದಖ್ಖನಿಯನ್ನೂ ಕಲಿತು ಇಲ್ಲಿಯವನಾಗುವುದು. ಎರಡು ಮನೆಗಳಿರುವವನು ಬಡವನಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣ ಇಂದಿನ ಬೀದರ ಜಿಲ್ಲೆಯಲ್ಲೇ ಇದೆ. ಕಾಶ್ಮೀರದ ಅರಸನೊಬ್ಬ ಅಲ್ಲಿಗೆ ಬಂದು, ಕಟ್ಟಿಗೆ ಮಾರಿ ಬದುಕಿ, ಮೋಳಿಗೆಯ ಮಾರಯ್ಯನೆನಿಸಿಕೊಂಡನೆಂದು ಪರಂಪರೆ ಹೇಳುತ್ತದೆ. ಬಂದವನ ಹಿಂದಿನದನ್ನು ಕೆದಕದೆ ಸೇರಿಸಿಕೊಂಡ ನೆಲದಿಂದ ಬಂದ ಹುಡುಗನನ್ನು ನಾವು ಪೈಕಿ ಕೇಳಿ ಕಳುಹಿಸಿದೆವು. ಇದು ನಮ್ಮ ಸೋಲು.

ಮುಂದಿನ ರಾಜ್ಯೋತ್ಸವಕ್ಕೆ ಆತ ಬರುತ್ತಾನೋ ಇಲ್ಲವೋ ತಿಳಿಯದು. ಬಂದರೆ, ಮೊದಲು ಉಂಡೆಯಾ ಎಂದು ಕೇಳಬೇಕೆಂದುಕೊಂಡಿದ್ದೇವೆ. ಎರಡನೆಯ ಪ್ರಶ್ನೆ ಬೇಕಿಲ್ಲ.