ಬೋರ್ಡಿನ ಮೇಲೆ ಯಾರ ಹೆಸರು?

ಬೆಂಗಳೂರಿನಲ್ಲಿ ಆಫೀಸ್ ಪಾರ್ಟಿಗಳಿಗೆ ಹೋಗಿ ರೂಢಿ ಇದ್ದವರಿಗೆ ‘ಕೇಜನ್ ಪೊಟ್ಯಾಟೊ’ ಗೊತ್ತಿರುತ್ತೆ. ಸಣ್ಣ ಆಲೂಗಡ್ಡೆ ಕರಿದು, ಮೇಲೆ ಕೆನೆಯಂಥ ಸಾಸ್ ಸುರಿದು, ಕೆಂಪು ಪುಡಿ ಉದುರಿಸಿ ತಂದಿಡ್ತಾರೆ. ಬಫೆ ಹತ್ತಿರ ಹೋಗೋ ಮೊದಲೇ ನಮ್ಮ ಹೊಟ್ಟೆ ತುಂಬಿಸೋ ಉಪಾಯ ಅದು ಅಂತ ಗೊತ್ತಿದ್ದೂ ಮೂರು ಪ್ಲೇಟ್ ತಿಂತೀವಿ. ಈ ‘ಕೇಜನ್’ ಅಂದ್ರೇನು ಅಂತ ಪಕ್ಕದವರನ್ನು ಕೇಳಿ ನೋಡಿ. ಒಂದು ಥರದ ಮಸಾಲೆ ಅಂತಾರೆ. ನನ್ನ ಟೀಮಿನ ಒಬ್ಬ ಅದು ಮೆಕ್ಸಿಕೋದ ಊರು ಅಂದ. ಅದು ಒಂದು ಜನದ ಹೆಸರು ಅಂದವರನ್ನು ನಾನಿನ್ನೂ ಕಂಡಿಲ್ಲ.

ಈಗಿನ ಕೆನಡಾದ ಪೂರ್ವ ಕರಾವಳಿಯಲ್ಲಿ ಅಕೇಡಿಯಾ ಅಂತ ಒಂದು ಸೀಮೆ ಇತ್ತು. ಅಲ್ಲಿದ್ದ ಫ್ರೆಂಚ್ ಮಾತಿನ ರೈತರನ್ನು 1755ರಿಂದ ಬ್ರಿಟಿಷರು ಹಡಗಿಗೆ ತುಂಬಿ ಹೊರಗೆ ಹಾಕಿದರು. ಅಲೆದಾಡಿ ಅಲೆದಾಡಿ ಅವರಲ್ಲಿ ಒಂದಷ್ಟು ಮಂದಿ ಲೂಯಿಸಿಯಾನಾದ ಜೌಗು ನೆಲ ಸೇರಿದರು. ‘ಅಕೇಡಿಯನ್’ ಬಾಯಲ್ಲಿ ಸವೆದು ‘ಕೇಜನ್’ ಆಯ್ತು, ಆಮೇಲೆ ಬೈಗುಳ ಆಯ್ತು. ಕೆಸರಿನ ಮಂದಿ, ಓದು ಬಾರದವರು ಅನ್ನೋ ಅರ್ಥದಲ್ಲಿ. 1921ರ ಲೂಯಿಸಿಯಾನಾ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂದಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ಅವರು ಹಳ್ಳದಲ್ಲಿ ಹಿಡಿದು ತಿಂತಿದ್ದ ಕ್ರಾಫಿಶ್, ಅಂದ್ರೆ ಸೀಗಡಿಗಿಂತ ದಪ್ಪಗಿನ, ಏಡಿಯಂಥ ಕೊಂಡಿ ಇರೋ ಸಿಹಿನೀರಿನ ಜೀವಿ, ಬಡವರ ತಿನಿಸು ಅನ್ನಿಸಿಕೊಂಡಿತ್ತು. 1983ರಲ್ಲಿ ಅದೇ ರಾಜ್ಯ ಆ ಕ್ರಾಫಿಶ್ಶನ್ನೇ ತನ್ನ ಅಧಿಕೃತ ಲಾಂಛನಗಳ ಪಟ್ಟಿಗೆ ಸೇರಿಸಿಕೊಂಡಿತು.

ಹೋದ ವರ್ಷ ಒಂದು ರಿಲೀಸ್ ಮುಗಿದ ಖುಷಿಗೆ ನಮ್ಮ ಟೀಮು ಕೇಜನ್-ಕ್ರಿಯೋಲ್ ಶೈಲಿಯ ಸೀಫುಡ್ ಹೋಟೆಲಿಗೆ ಹೋಗಿತ್ತು. ಮೇಜಿನ ಮೇಲೆ ಕಾಗದ ಹಾಸಿ, ಬೇಯಿಸಿದ ಸೀಗಡಿ, ಏಡಿ, ಮೆಕ್ಕೆಜೋಳದ ತುಂಡು, ಆಲೂಗಡ್ಡೆ ಎಲ್ಲಾ ಒಂದೇ ಸಲ ಸುರಿದುಬಿಟ್ಟರು. ತಟ್ಟೆ ಇಲ್ಲ, ಚಮಚ ಇಲ್ಲ. ಕೊರಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೈಯಲ್ಲೇ ತಿನ್ನಬೇಕು. ದೋಸೆಗೂ ಫೋರ್ಕ್ ಕೇಳುವ ನಮ್ಮ ಮ್ಯಾನೇಜರು ಏಡಿಯ ಕಾಲು ಕಡಿದು ಚೀಪಿ ಚೀಪಿ ತಿಂದರು. ರುಚಿ ಚೆನ್ನಾಗಿತ್ತು, ಸುಳ್ಳ್ಯಾಕೆ ಹೇಳಲಿ. ಆರು ಜನಕ್ಕೆ ಹನ್ನೊಂದು ಸಾವಿರ ಬಿಲ್ಲಾಯ್ತು. ಪಕ್ಕದಲ್ಲಿ ಕೂತವನು ಕೇಳಿದ: “ಬ್ರೋ, ನಿಮ್ಮ ಯಾದಗಿರಿ ಕಡೆ ಸಮುದ್ರಾನೇ ಇಲ್ವಲ್ಲ, ಇದೆಲ್ಲ ನಿಮಗೆ ಹೊಸದಾ?”

ನಮ್ಮೂರು ಸುರಪುರದಿಂದ ಕೃಷ್ಣೆಯ ಕಡೆ ಇಳಿದರೆ ಸಿಗುವ ಹಳ್ಳಿ. ನಾವು ಕಬ್ಬಲಿಗರು, ಅಂಬಿಗರು ಅಂತಾನೂ ಅಂತಾರೆ. ಅಪ್ಪ ಈಗಲೂ ಹರಿಗೋಲು ಹಾಕ್ತಾನೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಹೊಲಗಳಿಗೆ ನೀರು ಹರಿದಮೇಲೆ ಜೋಳ, ಹತ್ತಿ ಬೆಳೀತಿದ್ದ ಕರಿ ಭೂಮಿಗೆ ಭತ್ತ ಬಂತು. ಭತ್ತದ ಹಿಂದೆ ಬದುವಿನ ತೂತುಗಳಿಗೆ ಏಡಿ ಬಂದವು. ಮಳೆಗಾಲದ ರಾತ್ರಿ ಬ್ಯಾಟರಿ ಹಿಡಿದು, ಕೊಡ ತಗೊಂಡು ಹೋಗ್ತಿದ್ವಿ. ಅವ್ವ ಏಡಿಯ ಕಾಲು ಮುರಿದು ಕಲ್ಲಿನಲ್ಲಿ ಕುಟ್ಟಿ, ರಸ ಸೋಸಿ, ಹುಣಸಿಹಣ್ಣು, ಕೆಂಪು ಖಾರ, ಬಳ್ಳೊಳ್ಳಿ ಹಾಕಿ ಕುದಿಸೋಳು. ಅದಕ್ಕೆ ಬಿಸಿ ಜೋಳದ ರೊಟ್ಟಿ ಮುರಿದು ಹಾಕಿಕೊಂಡರೆ ಮೂಗು, ಕಣ್ಣು ಎರಡೂ ಸುರೀತಿದ್ದವು. ಹೊಸದೇನಲ್ಲ ಕಣಪ್ಪಾ ಅಂತ ಪಕ್ಕದವನಿಗೆ ಇದನ್ನೆಲ್ಲ ಹೇಳಿದೆ. “ವಾವ್, ಆರ್ಗ್ಯಾನಿಕ್!” ಅಂದ.

ಹೇಳದೇ ಉಳಿದದ್ದು ಇನ್ನೊಂದಿದೆ. ನಮ್ಮೂರಲ್ಲಿ ನಾಕು ಮನೆ ಬಿಟ್ಟರೆ ಉಳಿದವರೆಲ್ಲ ಮೀನು ತಿನ್ನೋರೇ. ಸೋಮವಾರ, ಶನಿವಾರ, ಹಬ್ಬ, ಅಮಾವಾಸ್ಯೆ ತಪ್ಪಿಸಿ ತಿಂತಾರೆ. ಕೆಲವರ ಮನೆಯಲ್ಲಿ ಅದಕ್ಕೆ ಹಿತ್ತಲದಾಗ ಬೇರೆ ಒಲೆ, ಬೇರೆ ಗಡಿಗೆ. ಮೀನು ಹಿತ್ತಲದ ತನಕ ಹೋಗ್ತದೆ, ಮೀನು ತಂದವನು ಕಟ್ಟೆಯ ಮುಂದೆ ನಿಲ್ತಾನೆ. ನಾತ ಬರೋದು ಮಾತ್ರ ನಮ್ಮ ಮನೆಗಳಿಂದ, ಅವರ ಗಡಿಗೆಯಿಂದ ಅಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಇದೇ ಮಾತು ಬೇರೆ ವೇಷದಲ್ಲಿ ಬಂತು. “ವೆಜ್ ಅಲ್ವಾ ನೀವು?” ಅಂತ ಕೇಳಿದವರೊಬ್ಬರು, ಅಲ್ಲ ಅಂದಾಗ “ನಮಗೇನೂ ತೊಂದ್ರೆ ಇಲ್ಲ, ಬಿಲ್ಡಿಂಗಿನವರು ಒಪ್ಪಲ್ಲ” ಅಂದರು. ಊಟ ಕೇಳಿದಂಗೆ ಕೇಳಿ ಜಾತಿ ತಿಳ್ಕೊಳ್ಳೋ ಈ ಜಾಣತನ ನಿಮ್ಮಲ್ಲಿ ಬಹಳ ಜನ ಕಂಡಿರ್ತೀರಿ. ಉಣ್ಣೋದು ಒಂದು, ಇಂಥದ್ದನ್ನ ಉಣ್ಣೋರು ಅಂತ ಕರೆಸಿಕೊಳ್ಳೋದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಬೇಕು. ಎರಡನೆಯದರ ಬೆಲೆ ಕೆಲವರಷ್ಟೇ ಕೊಡ್ತಾರೆ.

ಇದು ಬರೀ ಯೋಚನೆಯಾಗಿ ಉಳೀತಿತ್ತೇನೋ. ಆದರೆ ನನ್ನ ಕಾಕಾನ ಮಗ ಶಹಾಪುರದ ಹತ್ತಿರ, ಬೀದರ್-ಶ್ರೀರಂಗಪಟ್ಟಣ ರಸ್ತೆಗೆ ಹತ್ತಿಕೊಂಡು, ಒಂದು ಖಾನಾವಳಿ ತೆಗೀಲಿಕ್ಕೆ ಹೊರಟ. ಮಲಗಿದ ಬುದ್ಧನ ಹಾಗೆ ಕಾಣೋ ಗುಡ್ಡ ಅಲ್ಲಿಂದ ಚೆಂದ ಕಾಣ್ತದೆ. ಬ್ಯಾಂಕ್ ಸಾಲ ಆಗಿತ್ತು, ಶೆಡ್ ಎದ್ದಿತ್ತು. ಬೋರ್ಡ್ ಬರೆಸೋ ಮೊದಲು ಫೋನ್ ಮಾಡಿದ.

“ಅಣ್ಣಾ, ‘ಕೃಷ್ಣಾ ಸೀ ಫುಡ್’ ಅಂದ್ರ ಹ್ಯಾಂಗ?”

“ಸಮುದ್ರ ಎಲ್ಲದನೋ ತಮ್ಮಾ? ಮುನ್ನೂರು ಕಿಲೋಮೀಟರ್ ದಾಟಬೇಕು.”

“ಇಲ್ದಿದ್ರ ಏನಾತು? ಸೀ ಫುಡ್ ಅಂದ್ರ ಮಂದಿ ಗಾಡಿ ನಿಂದರಸ್ತಾರ. ಮೀನಿನ ಖಾನಾವಳಿ ಅಂದ್ರ ಮೂಗು ಮುಚ್ಕೊಂಡು ಮುಂದ ಹೋಗ್ತಾರ.”

‘ಅಂಬಿಗರ ಖಾನಾವಳಿ’ ಅಂತ ಬರೆಸು ಅಂದೆ. ಅವನು ನಕ್ಕ. “ಹಂಗ ಬರಸಿದ್ರ ನಮ್ಮ ಮಂದಿ ಅಷ್ಟೇ ಬರ್ತಾರ. ಅವರು ಮನ್ಯಾಗ ದಿನಾ ಮೀನೇ ಉಣ್ತಾರ, ಹೋಟೆಲಿಗಿ ಯಾಕ ಬರ್ತಾರ?”

ನಾನು ಬಿಡಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಬೋರ್ಡಿನ ಮೇಲೆ ಜಾತಿ ಬರೆಯೋದು ಹೊಸದಾ? ‘ಲಿಂಗಾಯತ ಖಾನಾವಳಿ’ ಪ್ರತಿ ಬಸ್ ಸ್ಟ್ಯಾಂಡಿನ ಎದುರು ಇದೆ. ಓದಿದವರಿಗೆ ಜಾತಿ ಕಾಣಲ್ಲ, ಶಾಕಾಹಾರಿ ಊಟ ಸಿಗ್ತದೆ ಅಂತ ಕಾಣ್ತದೆ. ಅದು ಬಿಡಿ, ಹುಬ್ಬಳ್ಳಿ, ಗದಗ ಕಡೆಯ ‘ಸಾವಜಿ’ ಹೋಟೆಲ್ ನೋಡಿ. ಸಾವಜಿ ಅನ್ನೋದು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರನ್ನು ಕರೆಯೋ ಹೆಸರು. ಅವರ ಮನೆಯ ಖಾರದ ಮಟನ್ ಊಟ ಹೊರಗೆ ಬಂದು, ಅವರ ಹೆಸರೇ ಅಡುಗೆಯ ಹೆಸರಾಯ್ತು. ನಮ್ಮ ಕಡೆಯ ಕೇಜನ್ ಅಂದ್ರೆ ಅದೇ. ಅವರ ಹೆಸರು ಬಾಯಲ್ಲಿ ನೀರು ತರಿಸೋದಾದ್ರೆ ನಮ್ಮದು ಯಾಕೆ ತರಿಸಬಾರದು?

“ನೀ ಬೆಂಗಳೂರಾಗ ಬಾಡಿಗಿ ಮನಿ ಬಾಗಲಕ್ಕ ‘ಅಂಬಿಗರ ಮನಿ’ ಅಂತ ಬರಸಿಯೇನು?” ಅಂದ. “ನಿನಗ ತಿಂಗಳಾ ತಿಂಗಳಾ ಪಗಾರ ಬರ್ತದ. ನನಗ ಬ್ಯಾಂಕಿನ ಕಂತು ಅದ.”

ಬೋರ್ಡಿನ ಮೇಲೆ ಹೆಸರು ಹಾಕೋದು ಧೈರ್ಯ, ಒಪ್ಪೋಣ. ಅದರ ಖರ್ಚು ಯಾರ ಲೆಕ್ಕಕ್ಕೆ ಬೀಳ್ತದೆ ಅನ್ನೋದು ಅವನ ಪ್ರಶ್ನೆ. ನಾವು ಓದಿದವರು, ಊರು ಬಿಟ್ಟವರು, ಸ್ವಾಭಿಮಾನದ ಬಗ್ಗೆ ದೊಡ್ಡ ಮಾತು ಆಡ್ತೀವಿ. ಗಿರಾಕಿ ತಪ್ಪಿದರೆ ಕಳಕೊಳ್ಳೋನು ಇನ್ನೊಬ್ಬ. ಹಾಗಂತ ಹೆಸರು ಮುಚ್ಚಿಟ್ಟರೆ ಮುಗೀತಾ ಅಂದ್ರೆ ಅದೂ ಅಲ್ಲ. ಮುಚ್ಚಿಟ್ಟ ಹೆಸರು ಇವತ್ತು ಬೋರ್ಡಿಂದ ಹೋಗ್ತದೆ, ನಾಳೆ ಮೆನುವಿಂದ, ಆಮೇಲೆ ಅವ್ವ ಏಡಿ ರಸಕ್ಕೆ ಏನು ಹಾಕ್ತಿದ್ಲು ಅನ್ನೋದೂ ಯಾರದೋ ‘ಸಿಗ್ನೇಚರ್’ ಆಗ್ತದೆ.

ಇಲ್ಲಿ ಕೆಲವರು ‘ಅಸಲಿ’ ಅನ್ನೋ ಮಾತು ತರ್ತಾರೆ: ಅವರವರ ಅಡುಗೆ ಅವರವರೇ ಮಾಡಬೇಕು, ಬೇರೆಯವರು ಮಾಡಿದರೆ ಕಳ್ಳತನ. ನನಗೆ ಆ ವಾದ ಹಿಡಿಸಲ್ಲ. ಕ್ರಿಯೋಲರ ಹೆಸರುವಾಸಿ ಅಡುಗೆ ಗಂಬೊ. ಆ ಪದ ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗಿದ್ದ ಹೆಸರಿನಿಂದ ಬಂದದ್ದು ಅಂತಾರೆ. ಗುಲಾಮರಾಗಿ ಬಂದ ಆಫ್ರಿಕನ್ನರ ಕೈ, ಅಲ್ಲಿನ ಮೂಲನಿವಾಸಿ ಚಾಕ್ಟೋ ಜನರ ಸೊಪ್ಪಿನ ಪುಡಿ, ಫ್ರೆಂಚರ ಬಾಣಲೆ ಎಲ್ಲಾ ಸೇರಿದ್ದು ಅದು. ನಮ್ಮದು ತಾನೆ ಏನು ಕಡಿಮೆ? ನಮ್ಮ ಜೋಳದ ಮೂಲ ಆಫ್ರಿಕಾ. ಕೆಂಪು ಖಾರ, ಶೇಂಗಾ ಅಮೆರಿಕ ಖಂಡದಿಂದ ಬಂದವು. ಇದು ನಮ್ಮದೇ ಅಂತ ಬೇಲಿ ಹಾಕೋಕೆ ಹೋದರೆ ಗಂಗಾಳದಲ್ಲಿ ಉಳಿಯೋದು ಹೆಚ್ಚೇನಿಲ್ಲ. ಬೆಂಗಳೂರಿನವರು ಏಡಿ ತಿಂದರು ಅಂತ ನನಗೆ ಯಾವ ಸಿಟ್ಟೂ ಇಲ್ಲ. ತಿನ್ನಲಿ.

ಹೆಸರು ಹಾಕಿದವರ ಕಥೆಯೂ ಸರಳವಾಗಿ ಮುಗಿದಿಲ್ಲ. ಕೇಜನ್ ಅಡುಗೆಯನ್ನು ಜಗತ್ತಿಗೆ ತೋರಿಸಿದವರಲ್ಲಿ ಪಾಲ್ ಪ್ರುಡೋಮ್ ದೊಡ್ಡ ಹೆಸರು. ಪಾಲಿಗೆ ಹೊಲ ಮಾಡೋರ ಮನೆಯ ಹದಿಮೂರು ಮಕ್ಕಳಲ್ಲಿ ಕಡೆಯವನು. 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹೆಂಡತಿಯ ಜೊತೆ ಹೋಟೆಲ್ ತೆಗೆದ. ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಹಚ್ಚಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಕರ್ರಗೆ ಮಾಡಿದ ರೆಡ್‌ಫಿಶ್ ಅನ್ನೋ ಮೀನು ಅವನ ಕೈಯಿಂದ ಇಡೀ ಅಮೆರಿಕಕ್ಕೆ ಹುಚ್ಚು ಹಿಡಿಸಿತು. ಎಷ್ಟು ಅಂದ್ರೆ 1986ರಲ್ಲಿ ಅಲ್ಲಿನ ಸರ್ಕಾರ ಮೆಕ್ಸಿಕೋ ಕೊಲ್ಲಿಯಲ್ಲಿ ಆ ಮೀನು ಹಿಡಿಯೋದಕ್ಕೆ ತಡೆ ಹಾಕಬೇಕಾಯ್ತು. ಜನ ಮೆಚ್ಚಿದ್ದೇ ಮೀನಿಗೆ ಮುಳುವಾಯ್ತು. ಹೆಸರು ಬಾಟಲಿ ಸೇರಿ ಪುಡಿಯಾಗಿ ನಮ್ಮ ಆಲೂಗಡ್ಡೆ ಮೇಲೆ ಬಂದು ಕೂತಿದೆ. ಮಾರುಕಟ್ಟೆ ಕೊಡೋ ಮರ್ಯಾದೆಗೆ ಇಂಥದ್ದೊಂದು ಬಾಲ ಇರ್ತದೆ. ನಮ್ಮ ಹೊಳೆಯ ದಂಡೆಯಲ್ಲಿ ಅಪ್ಪನಿಗೆ ಕಾಟ್ಲಾ ಕಿಲೋಗೆ ನೂರರ ಆಸುಪಾಸು ಸಿಗ್ತದೆ. ‘ಫ್ರೆಶ್ ರಿವರ್ ಫಿಶ್’ ಅನ್ನೋ ಬೋರ್ಡ್ ಎಷ್ಟು ಎದ್ದರೂ ಆ ನೂರು ಇನ್ನೂರು ಆಗಿದ್ದು ನಾ ಕಂಡಿಲ್ಲ.

ನನಗೆ ಹೆಚ್ಚು ಹತ್ತಿರ ಅನ್ನಿಸೋದು ಅದೇ ಊರಿನ ಇನ್ನೊಬ್ಬಾಕೆ, ಲಿಯಾ ಚೇಸ್. ಕಪ್ಪು ಕ್ರಿಯೋಲ್ ಹೆಂಗಸು. 1941ರಿಂದ ನಡೆದುಬಂದಿದ್ದ ಗಂಡನ ಮನೆಯವರ ‘ಡೂಕಿ ಚೇಸ್’ ಹೋಟೆಲಿನ ಅಡುಗೆಮನೆ ಆಕೆಯ ಕೈಗೆ ಬಂತು. 2019ರಲ್ಲಿ ತೀರಿಕೊಳ್ಳೋ ತನಕ ಅದು ಆಕೆಯದೇ. 1960ರ ಸುಮಾರಿಗೆ ಕಪ್ಪು ಜನ, ಬಿಳಿ ಜನ ಒಂದೇ ಮೇಜಿಗೆ ಕೂತು ಉಣ್ಣೋದು ಅಲ್ಲಿ ಕಾನೂನಿಗೆ ವಿರುದ್ಧ. ಆ ಹೋಟೆಲಿನ ಮಹಡಿ ಮೇಲಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು, ಗಂಬೊ ಉಂಡು, ಸಮಾನ ಹಕ್ಕಿನ ಚಳವಳಿಯ ಲೆಕ್ಕಾಚಾರ ಹಾಕ್ತಿದ್ರು. ಅಲ್ಲಿ ಉಣ್ಣಲಿಕ್ಕೆ ಬಂದ ಬಿಳಿಯನೂ ಒಂದಿಷ್ಟು ಅಪಾಯ ತಲೆ ಮೇಲೆ ಹೊತ್ತೇ ಬರಬೇಕಿತ್ತು, ಅದು ನನಗೆ ಮುಖ್ಯ ಅನ್ನಿಸ್ತದೆ. ಖರ್ಚು ಹಂಚಿಕೆ ಆಗಿತ್ತು.

ನಮ್ಮಲ್ಲಿ ಈ ಹಂಚಿಕೆ ಆಗೋದಿಲ್ಲ. ಜನವರಿ 21ಕ್ಕೆ ಅಂಬಿಗರ ಚೌಡಯ್ಯನ ಜಯಂತಿ. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸಿಕೊಂಡು, ಯಾರ ಮುಲಾಜೂ ಇಲ್ಲದೆ ವಚನ ಹೇಳಿದವನು. ಸರ್ಕಾರಿ ಕಚೇರಿಗಳಲ್ಲಿ ಫೋಟೋಕ್ಕೆ ಹಾರ, ಭಾಷಣ. ನಾನು ಹೋದ ಕಾರ್ಯಕ್ರಮಗಳಲ್ಲಿ ಊಟಕ್ಕೆ ಶಿರಾ, ಪಲಾವು ಇರ್ತಿತ್ತು. ಮೀನು ಬಡಿಸಿದ್ದು ಒಮ್ಮೆಯೂ ನೋಡಿಲ್ಲ, ಅಂಥಾ ವಿಚಾರ ಯಾರಿಗೂ ಹೊಳೆದಂಗೂ ಕಾಣಲ್ಲ. ಹಿತ್ತಲದ ಒಲೆಯವರು ಒಂದು ದಿನ ಆ ಗಡಿಗೆ ಅಡುಗೆಮನೆಗೆ ತರಬಹುದು. ಮನೆ ಬಾಡಿಗೆಗೆ ಕೊಡೋರು ‘ಬಿಲ್ಡಿಂಗಿನವರು’ ಅನ್ನೋದು ಬಿಟ್ಟು ತಮ್ಮ ಮನಸ್ಸಲ್ಲಿ ಇದ್ದದ್ದು ಹೇಳಬಹುದು. ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಏಡಿ ಚೀಪೋರು ಮೀನು ತಂದವನಿಗೆ ಕುರ್ಚಿ ತೋರಿಸಬಹುದು. ಇದ್ಯಾವುದಕ್ಕೂ ಬ್ಯಾಂಕಿನ ಕಂತು ತಪ್ಪೋದಿಲ್ಲ. ಇದು ಆಗದ ಹೊರತು ಬೋರ್ಡಿನ ಮೇಲೆ ಏನು ಬರೀಬೇಕು ಅನ್ನೋ ಪ್ರಶ್ನೆಯನ್ನು ಕಾಕಾನ ಮಗನ ಮೇಲೆ ಹೊರಿಸೋ ಹಕ್ಕು ನನಗಿಲ್ಲ ಅಂತ ನಾನು ತಿಳ್ಕೊಂಡೀನಿ. ಅವನಿಗೂ ಅದನ್ನೇ ಹೇಳಿದೆ: ನಿನಗೆ ತಿಳಿದದ್ದು ಬರೆಸು ತಮ್ಮಾ.

‘ಕೃಷ್ಣಾ ಮೀನೂಟ’ ಅಂತ ಬರೆಸಿದ. ಸೀ ಹೋಯ್ತು, ಹೊಳೆ ಬಂತು, ಅಂಬಿಗರು ಬರಲಿಲ್ಲ. ಯುಗಾದಿಗೆ ಹೋದಾಗ ನೋಡಿ ಬಂದೆ. ಬೇರೆ ಬೇರೆ ಟೇಬಲ್ ಇಲ್ಲ, ಎರಡು ಉದ್ದನೆ ಮೇಜು, ನಾಕು ಬೆಂಚು. ಲಾರಿ ಡ್ರೈವರು, ಭತ್ತದ ವ್ಯಾಪಾರಿ, ಯಾವುದೋ ಕಚೇರಿಯ ಸಾಹೇಬರು, ಹೊಳೆಯಿಂದ ಮೀನು ತಂದು ಹಾಕೋ ನಮ್ಮ ಅಪ್ಪ, ಎಲ್ಲರೂ ಮೊಣಕೈ ಹತ್ತುವಂಗೆ ಕೂತು ಉಣ್ತಿದ್ರು. ಬೇಕಂತಲೇ ಹೀಗೆ ಮಾಡಿಸಿದ್ಯಾ ಅಂತ ಕೇಳಿದೆ.

“ಸಣ್ಣ ಟೇಬಲ್ ಮಾಡ್ಸಾಕ ರೊಕ್ಕ ಸಾಲ್ಲಿಲ್ಲಣ್ಣ,” ಅಂದ.